ಗುಡ್ಡದ ನಕ್ಷೆ ಊರಿನ ಕೈಯಲ್ಲಿರಲಿ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದೇ ತಿಂಗಳ ಕೊನೆಗೆ ನೆರೆಯ ವಯನಾಡು. ಪ್ರತಿ ದುರಂತದ ಬಳಿಕವೂ ಸಮೀಕ್ಷೆ, ವರದಿಗಳು ಬರುತ್ತವೆ. ಆದರೆ ಗುಡ್ಡದ ಬುಡದಲ್ಲಿ ಬಾಳುವವರ ಕೈಗೆ ನಕ್ಷೆ ತಲುಪುವುದು ಅಪರೂಪ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1:50,000 ಪ್ರಮಾಣದಲ್ಲಿ ಭೂಕುಸಿತ ಸಂಭಾವ್ಯತೆಯ ನಕ್ಷೆಗಳನ್ನು ರೂಪಿಸಿದೆ. ಅವು ಉಪಯುಕ್ತವೇ. ಆದರೆ ಅವುಗಳಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಇಡೀ ಕೇರಿಯೊಂದು ಬೆರಳ ತುದಿಯಡಿ ಮರೆಯಾಗುತ್ತದೆ.

ಈ ಕೊರತೆಯನ್ನು ತುಂಬಲು ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶವಿದೆ. 2002ರಲ್ಲಿ ಆರಂಭವಾದ ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಅಳೆದ ನೆಲದ ಎತ್ತರದ ದತ್ತಾಂಶವೂ ಉಚಿತ. ಇವೆರಡರಿಂದ ಪ್ರೌಢಶಾಲೆಯ ಮಕ್ಕಳೇ ಇಳಿಜಾರಿನ ಕಡಿದನ್ನೂ ನೀರು ಹರಿಯುವ ದಾರಿಯನ್ನೂ ಗುರುತಿಸಬಲ್ಲರು. ಇಂಡೋನೇಷ್ಯಾದಲ್ಲಿ ಇದೇ ತಂತ್ರಾಂಶಕ್ಕೆ ಜೋಡಿಸಿದ ಇನಾಸೇಫ್ ಎಂಬ ಸಾಧನವು, ಪ್ರವಾಹ ಅಥವಾ ಭೂಕಂಪದಿಂದ ಎಷ್ಟು ಜನ, ಎಷ್ಟು ಕಟ್ಟಡಗಳು ತೊಂದರೆಗೊಳಗಾದಾವು ಎಂದು ಮೊದಲೇ ಅಂದಾಜಿಸಲು ಬಳಕೆಯಾಗಿದೆ.

ಆದರೆ ಆ ಎತ್ತರದ ದತ್ತಾಂಶದ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ಮನೆಯ ಹಿಂದೆ ಯಂತ್ರ ಹಚ್ಚಿ ಕಡಿದ ಧರೆ ಅದರಲ್ಲಿ ಕಾಣದು. ಮುಚ್ಚಿಹೋದ ಚರಂಡಿ, ಮಳೆಗಾಲದಲ್ಲಿ ಜಲ ಏಳುವ ಜಾಗ, ನೆತ್ತಿಯ ಮೇಲಿನ ಹೊಸ ಬಿರುಕು - ಇವನ್ನು ಬಲ್ಲವರು ಊರಿನ ಹಿರಿಯರು. ವಿದ್ಯಾರ್ಥಿಗಳು ಅವರೊಡನೆ ಗುಡ್ಡ ಸುತ್ತಿ, ಮೊಬೈಲಿನಲ್ಲಿ ಸ್ಥಳ ದಾಖಲಿಸಿ ನಕ್ಷೆಗೆ ಏರಿಸಬೇಕು. ನಡೆಯಲಾಗದವರಿರುವ ಮನೆಗಳು, ಕೊಚ್ಚಿಹೋಗಬಹುದಾದ ಕಾಲುಸಂಕ, ರಾತ್ರಿ ಹೊತ್ತು ಸೇರಬಹುದಾದ ಕಟ್ಟಡ ಎಲ್ಲವೂ ಅದರಲ್ಲಿರಬೇಕು. ಆ ಕಟ್ಟಡವೇ ಹಳ್ಳದ ದಾರಿಯಲ್ಲಿದೆಯೇ ಎಂದು ಆಗ ತಿಳಿಯುತ್ತದೆ. ವಯನಾಡಿನಲ್ಲಿ ಹೊಳೆಯಂಚಿನ ವೆಳ್ಳಾರ್ಮಲ ಶಾಲೆಯೇ ಕೆಸರು ಬಂಡೆಗಳಿಗೆ ಸಿಕ್ಕಿತ್ತು.

ನಕ್ಷೆಯಲ್ಲಿ ಕೆಂಪು ಬಿದ್ದರೆ ಜಮೀನಿನ ಬೆಲೆ ಇಳಿದೀತು, ಒಕ್ಕಲೆಬ್ಬಿಸಿಯಾರು ಎಂಬ ಆತಂಕ ಹಲವರಲ್ಲಿದೆ. ಅದು ಸಹಜ. ಆದರೆ ಬೇರೆಯವರು ಬಳಿದ ಕೆಂಪನ್ನು ಪ್ರಶ್ನಿಸಲು ನಮ್ಮಲ್ಲಿ ಆಧಾರವಿರುವುದಿಲ್ಲ. ನಾವೇ ಗುರುತಿಸಿದ ಪ್ರತಿ ಗೆರೆಗೂ ಕಾರಣ ಹೇಳಬಲ್ಲೆವು. ರಸ್ತೆ, ರೆಸಾರ್ಟುಗಳ ಹೆಸರಿನಲ್ಲಿ ಗುಡ್ಡ ಕಡಿಯುವವರನ್ನು ಎದುರಿಸಲು ಅದೇ ಸಾಕ್ಷ್ಯವಾದೀತು. ನಾವೇ ಕಡಿದ ಧರೆಗಳೂ ಅದರಲ್ಲಿ ಕಾಣುತ್ತವೆ, ಕಾಣಲಿ.

ಗುಡ್ಡ ಯಾವ ದಿನ ಕುಸಿಯುತ್ತದೆಂದು ಯಾವ ನಕ್ಷೆಯೂ ಹೇಳದು. ಕುಸಿದರೆ ಯಾರು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಮಾತ್ರ ನಾವು ಮೊದಲೇ ತೀರ್ಮಾನಿಸಬಹುದು. ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಯಲ್ಲಿ ಅಂಥದೊಂದು ನಕ್ಷೆ ಗೋಡೆಯೇರಲಿ.