ಭಾನುವಾರ ಪೂಜೆಯೋ, ಟೆಸ್ಟೋ? ದಕ್ಷಿಣ ಬೆಂಗಳೂರಿನ ಕ್ರೈಸ್ತ ಮನೆಗಳ ಇಕ್ಕಟ್ಟು

ಬೆಂಗಳೂರು ದಕ್ಷಿಣ: ನೀಟ್ ಪರೀಕ್ಷೆ 2024ರಲ್ಲಿ ಮೇ 5ಕ್ಕೆ ನಡೆಯಿತು, 2025ರಲ್ಲಿ ಮೇ 4ಕ್ಕೆ. ಎರಡೂ ಭಾನುವಾರ. ಪರೀಕ್ಷೆ ಶುರುವಾಗೋದು ಮಧ್ಯಾಹ್ನ 2 ಗಂಟೆಗೆ, ಬೆಳಗಿನ ಪೂಜೆ ಮುಗಿಸಿಕೊಂಡೇ ಹೋಗಬಹುದಲ್ಲ ಅನ್ನುವವರಿದ್ದಾರೆ. ನಿಜ, ಆ ಒಂದು ದಿನದ್ದೇನೂ ದೊಡ್ಡ ವಿಷಯವಲ್ಲ. ತೊಂದರೆ ಇರೋದು ಅದಕ್ಕೂ ಹಿಂದಿನ ಎರಡು ವರ್ಷದ ಭಾನುವಾರಗಳಲ್ಲಿ.

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಕೋಚಿಂಗ್ ಸೇರಿದ ಮಕ್ಕಳಿಗೆ ಟೆಸ್ಟು, ಎಕ್ಸ್‌ಟ್ರಾ ಕ್ಲಾಸು ಬೀಳೋದು ಹೆಚ್ಚಾಗಿ ರಜಾ ದಿನವೇ. ಹತ್ತನೇ ಕ್ಲಾಸಿನವರೆಗೆ ಧರ್ಮೋಪದೇಶ ತಪ್ಪಿಸದ ಹುಡುಗ ಪಿಯುಸಿಗೆ ಬಂದ ಮೇಲೆ ಚರ್ಚಿನಲ್ಲಿ ಕಾಣೋದೇ ಅಪರೂಪ. ಮನೆಯವರೂ ಒತ್ತಾಯ ಮಾಡಲ್ಲ. "ಎರಡು ವರ್ಷ ಕಷ್ಟಪಡಲಿ, ಆಮೇಲೆ ಇದ್ದೇ ಇದೆಯಲ್ಲ" ಅನ್ನೋದು ಸಾಮಾನ್ಯ ಮಾತು. ಕ್ಯಾಥೊಲಿಕರಿಗೆ ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಕರ್ತವ್ಯ ತೀರುತ್ತದೆ, ಹಾಗಾಗಿ ನಿಯಮದ ಅಡ್ಡಿ ಅಷ್ಟೊಂದಿಲ್ಲ. ಅಡ್ಡಿ ಬೇರೆ ಕಡೆ ಇದೆ.

ಪೂಜೆ ಮುಗಿದು ಅಂಗಳಕ್ಕೆ ಬಂದ ಕೂಡಲೇ ಆಂಟಿ, ಅಂಕಲ್‌ಗಳು ಕೇಳುವ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟು?" ಇದು ಕ್ರೈಸ್ತರದ್ದೊಂದೇ ಚಾಳಿ ಅಲ್ಲ, ಈ ಭಾಗದ ಯಾವ ದೇವಸ್ಥಾನದ ಜಗುಲಿಯಲ್ಲೂ ಕೇಳಿಸುವ ಪ್ರಶ್ನೆ. ಆದರೆ ಐದು ನಿಮಿಷದ ಹಿಂದೆ ಒಳಗೆ ಓದಿದ್ದು ಮೊದಲನೆಯವರು ಕಡೆಯವರಾಗುವ ಮಾತು, ಆಸ್ತಿ ಬಿಡಲಾಗದೆ ಬೇಸರದಿಂದ ಹೊರಟುಹೋದ ಶ್ರೀಮಂತ ಯುವಕನ ಕಥೆ. ಮಕ್ಕಳು ದಡ್ಡರಲ್ಲ, ಎರಡನ್ನೂ ಕೇಳಿಸಿಕೊಳ್ಳುತ್ತಾರೆ. ರ್‍ಯಾಂಕ್ ಬಂದರೆ ಕೃತಜ್ಞತಾ ಪೂಜೆ ಹೇಳಿಸುವ ಮನೆಗಳು ಸೀಟು ತಪ್ಪಿದ ವರ್ಷ ಸುಮ್ಮನಿರುತ್ತವೆ. ದೇವರ ಆಶೀರ್ವಾದ ಅಂದರೆ ಏನು ಅಂತ ಮಕ್ಕಳು ಅಲ್ಲೇ ಕಲಿತುಬಿಡುತ್ತಾರೆ, ಯಾವ ಫಾದರ್ ಕೂಡ ಹೇಳಿಕೊಡಬೇಕಿಲ್ಲ. ಕೊಟ್ಟ ತಲಾಂತನ್ನು ಹೂತಿಡಬಾರದು ಅನ್ನುವ ಸಾಮ್ಯವೂ ಹೆತ್ತವರ ಕೈಗೆ ಸಿಕ್ಕರೆ ಟ್ಯೂಷನ್ ಜಾಹೀರಾತಿನ ಹಾಗೆ ಕೇಳಿಸುತ್ತೆ.

ಈ ಜಗ್ಗಾಟ ಕಣ್ಣಿಗೆ ಕಾಣಬೇಕಾದರೆ ಬಿಟಿಎಂ ಲೇಔಟ್‌ನಿಂದ ಕೋರಮಂಗಲ ದಾಟಿದರೆ ಸಾಕು. 1963ರಲ್ಲಿ ಶುರುವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ನಡೆಯುತ್ತಿರುವುದು ಭಾರತದ ಕ್ಯಾಥೊಲಿಕ್ ಬಿಷಪರ ಒಕ್ಕೂಟದ ಅಡಿಯಲ್ಲಿ. ಅಲ್ಲಿ ಎಂಬಿಬಿಎಸ್ ಮುಗಿಸಿದವರು ವೈದ್ಯರಿಲ್ಲದ ಊರುಗಳಲ್ಲಿ ಒಂದೆರಡು ವರ್ಷ ಕೆಲಸ ಮಾಡಬೇಕೆಂಬ ಬಾಂಡ್ ಪದ್ಧತಿ ಹಳೆಯದು. ಕಾಲೇಜು ಹುಟ್ಟಿದ ಉದ್ದೇಶವೇ ಅದು. ಅದೇ ವಯಸ್ಸಿನಲ್ಲಿ ಬೇರೆ ಕಾಲೇಜಿನ ಗೆಳೆಯರು ಪಿ.ಜಿ. ಸೀಟಿಗೆ ಓದುತ್ತಿರುತ್ತಾರೆ. ಮನೆಯಲ್ಲಿ ಲೆಕ್ಕ ಶುರುವಾಗುವುದು ಇಲ್ಲಿ: "ಎರಡು ವರ್ಷ ಹಿಂದೆ ಬಿದ್ದರೆ ಹೇಗೆ?"

ಇನ್ನೊಂದು ಉದಾಹರಣೆ ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅಂಕದ ಜೊತೆ ಸೇವೆಯ ಮನಸ್ಸನ್ನೂ ನೋಡಿ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತಿತ್ತು. ನೀಟ್ ಕಡ್ಡಾಯವಾದಾಗ ಒಪ್ಪದೆ, 2017ರಲ್ಲಿ 100 ಎಂಬಿಬಿಎಸ್ ಸೀಟುಗಳಿಗೆ ಒಬ್ಬರನ್ನು ಮಾತ್ರ ಸೇರಿಸಿಕೊಂಡಿತು. 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್, ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಡೊನೇಷನ್ ಹಾವಳಿಗೆ ಕಡಿವಾಣ ಬೇಕಿತ್ತು, ಆ ದೃಷ್ಟಿಯಲ್ಲಿ ತೀರ್ಪು ಸರಿಯೇ. ಆದರೆ ಕುಗ್ರಾಮದ ಆಸ್ಪತ್ರೆಗೆ ಹೋಗುವ ಮನಸ್ಸಿದೆಯೇ ಅಂತ ಓಎಂಆರ್ ಶೀಟು ಕೇಳಲ್ಲ.

ಹೆತ್ತವರನ್ನು ಬರೀ ದುರಾಸೆಯವರು ಅಂದರೆ ಅನ್ಯಾಯವಾದೀತು. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು, ಎಂಬಿಬಿಎಸ್ ಸೀಟು ಇದ್ದದ್ದು ಲಕ್ಷದ ಮೇಲೆ ಸ್ವಲ್ಪ. ಸರ್ಕಾರಿ ಸೀಟು ತಪ್ಪಿದರೆ ಖಾಸಗಿಯಲ್ಲಿ ಫೀಸು ಹತ್ತಾರು ಲಕ್ಷ. ಸಾಲ ಮಾಡಿ ಓದಿಸಿದ ಮನೆಗೆ ಮಿಷನ್ ಆಸ್ಪತ್ರೆಯ ಸಂಬಳದಲ್ಲಿ ಕಂತು ಕಟ್ಟೋಕಾಗುತ್ತಾ? ಮಗಳಿಗೆ ಮನಸ್ಸಿದ್ದರೂ ಬ್ಯಾಂಕಿನವರು ಕೇಳಬೇಕಲ್ಲ.

ಅಂಗಡಿಯವರಿಗೂ ಇದರ ಬಿಸಿ ತಟ್ಟದೇ ಇಲ್ಲ. ಜಯನಗರ 4ನೇ ಬ್ಲಾಕಿನಲ್ಲಿ ವ್ಯಾಪಾರ ಜೋರಿರುವುದೇ ವಾರಾಂತ್ಯಕ್ಕೆ. 2021ರ ಜನವರಿಯಲ್ಲಿ ಸರ್ಕಾರ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ವರ್ಷವಿಡೀ ದಿನದ 24 ಗಂಟೆ ತೆರೆಯಬಹುದು ಎಂದಿತು. ನೌಕರರಿಗೆ ವಾರದ ರಜೆ ಕೊಡಲೇಬೇಕು, ಆದರೆ ಅದು ಭಾನುವಾರವೇ ಆಗಬೇಕೆಂದಿಲ್ಲ. ಕೌಂಟರಿನಲ್ಲಿ ನಿಲ್ಲುವ ಕ್ರೈಸ್ತ ಹುಡುಗಿ ಭಾನುವಾರ ಬೆಳಿಗ್ಗೆ ಎರಡು ತಾಸು ಬಿಡಿ ಅಂತ ಕೇಳಿದರೆ ಕೊಡುವ ಮಾಲೀಕರಿದ್ದಾರೆ, ಮುಖ ಸಿಂಡರಿಸುವವರೂ ಇದ್ದಾರೆ.

ವೈದ್ಯಕೀಯ ಸೀಟಿನ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ತುಂಬುವಾಗ ಹೆಚ್ಚಿನವರು ನೋಡೋದು ಫೀಸು, ಕಟ್‌ಆಫ್ ಎರಡನ್ನೇ. ಬಾಂಡ್‌ನ ಷರತ್ತು ಗೊತ್ತಾಗೋದು ಸಹಿ ಹಾಕುವ ದಿನ. ಆ ಪುಟವನ್ನು ಮನೆಯಲ್ಲಿ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ಮೊದಲೇ ಓದಿದರೆ, ಅವರ ಮನಸ್ಸಿನಲ್ಲಿ ಏನಿದೆ ಅಂತಲೂ ಒಮ್ಮೆ ಕೇಳಿದಂತಾಗುತ್ತದೆ.