ಸ್ವಿಚ್ಚಿನ ಬಾಗಿಲಿಗೂ ಹೊಣೆಗಾರನ ಹೆಸರಿರಲಿ

ಗುಬ್ಬಿಯ ರೈತನೊಬ್ಬನು ಪಹಣಿಗಾಗಿ ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತಾಗಲೂ, ಕುಣಿಗಲ್ಲಿನ ಗೃಹಸ್ಥನೊಬ್ಬನು ಕ್ರಯಪತ್ರದ ನೋಂದಣಿಗೆಂದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದಾಗಲೂ, ಅವರು ಅಪೇಕ್ಷಿಸಿದ ದಾಖಲೆಯು ಗಣಕಯಂತ್ರದ ತೆರೆಯ ಮೇಲೆ ಮೂಡುವ ಮುನ್ನ ನೆಟ್‌ವರ್ಕ್ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯನ್ನು ಹಾದುಬರಬೇಕು. ರಾಜಧಾನಿಯನ್ನು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳೊಡನೆ ಬೆಸೆಯುವ ಕೆಸ್ವಾನ್ ಜಾಲವೂ, 2011ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಗ್ರಾಮಪಂಚಾಯಿತಿಗಳ ಜಾಲವೂ, 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ತುಮಕೂರಿನ ವ್ಯವಸ್ಥೆಗಳೂ ಇಂಥ ಸಾಧನಗಳನ್ನೇ ನಂಬಿ ನಡೆಯುವಂಥವು. ಆದುದರಿಂದ ಅವುಗಳೊಳಕ್ಕೆ ಯಾರು ಪ್ರವೇಶಿಸಬಹುದೆಂಬ ಪ್ರಶ್ನೆಯು ತಂತ್ರಜ್ಞರಿಗಷ್ಟೇ ಬಿಡತಕ್ಕದ್ದಲ್ಲ.

ಸ್ವಿಚ್ಚಿನ ಆಡಳಿತವು ಕೈವಶವಾದವನು ಇಡೀ ಕಚೇರಿಯ ಸಂಪರ್ಕವನ್ನು ಕಡಿಯಬಲ್ಲನು. ಹಾದುಹೋಗುವ ಮಾಹಿತಿಯ ಪ್ರತಿಯನ್ನು ಮತ್ತೊಂದು ಪೋರ್ಟಿಗೆ ತಿರುಗಿಸಿ ಸದ್ದಿಲ್ಲದೆ ಓದಬಲ್ಲನು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಿದ್ದ ಕ್ಯಾಮೆರಾ, ರೂಟರುಗಳನ್ನು ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡುದು ಸುಮಾರು 60 ಸಾಮಾನ್ಯ ಹೆಸರು-ಪಾಸ್‌ವರ್ಡ್ ಜೋಡಿಗಳ ಬಲದಿಂದಲೇ ಎಂಬುದನ್ನು ಮರೆಯಲಾಗದು.

ಆದರೆ ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಭ್ರಮೆ. ಗುತ್ತಿಗೆದಾರನ ಕಡೆಯವನಿಗೂ, ಕಚೇರಿಯ ಸಿಬ್ಬಂದಿಗೂ, ವರ್ಗವಾಗಿ ಹೋದವರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್ ಎಷ್ಟೇ ಕಠಿಣವಾಗಿದ್ದರೂ ಅದು ರಹಸ್ಯವೆನಿಸದು. ಅನಾಹುತವಾದ ದಿನ ಯಾರು ಏನು ಮಾಡಿದರೆಂಬುದರ ದಾಖಲೆಯಾದ ಲಾಗನ್ನು ತೆರೆದರೆ ‘ಅಡ್ಮಿನ್’ ಎಂಬ ಒಂದೇ ಹೆಸರು ಕಾಣುವುದಲ್ಲದೆ ಮನುಷ್ಯನು ಕಾಣುವುದಿಲ್ಲ. ಲಾಗುಗಳನ್ನು 180 ದಿನ ಕಾಯ್ದಿಡಬೇಕೆಂದೂ, ಸೈಬರ್ ಘಟನೆಯನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಹೆಸರಿಲ್ಲದ ಲಾಗನ್ನು ವರ್ಷವಿಡೀ ಕಾಯ್ದಿಟ್ಟರೂ ಫಲವೇನು? ಖಜಾನೆಯ ಭದ್ರಕೋಣೆಗೆ ಇಬ್ಬರು ಅಧಿಕಾರಿಗಳ ವಶದಲ್ಲಿ ಎರಡು ಬೀಗಗಳಿರಬೇಕೆಂದು ವಿಧಿಸಿದ ಆಡಳಿತ ವಿವೇಕವು ಇಲ್ಲಿಯೂ ಅನ್ವಯಿಸತಕ್ಕದ್ದು.

ಮಾರ್ಗವು ದುರ್ಗಮವೇನಲ್ಲ. ಪಾಸ್‌ವರ್ಡನ್ನು ಬಯಲಾಗಿ ಸಾಗಿಸುವ ಟೆಲ್ನೆಟ್ಟನ್ನು ಮುಚ್ಚಿ, 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ರೂಪಿಸಿದ ಎಸ್‌ಎಸ್‌ಎಚ್ ಮಾರ್ಗವನ್ನು ಮಾತ್ರ ತೆರೆದಿಡಬೇಕು. ದೂರದ ಪ್ರವೇಶಕ್ಕೆಂತೋ ಅಂತೆಯೇ ಸ್ವಿಚ್ಚಿನ ಬಳಿ ನಿಂತು ನೇರವಾಗಿ ತಂತಿ ಜೋಡಿಸುವ ಕನ್ಸೋಲ್ ಪೋರ್ಟಿಗೂ ಲಾಗಿನ್ ವಿಧಿಸಬೇಕು. ಪ್ರತಿಯೊಬ್ಬ ನಿರ್ವಾಹಕನಿಗೂ ಪ್ರತ್ಯೇಕ ಹೆಸರನ್ನೂ ಅವನ ಕೆಲಸಕ್ಕೆ ತಕ್ಕಷ್ಟೇ ಅಧಿಕಾರವನ್ನೂ ಕೊಟ್ಟು, ಅವನು ಹೊರಟುಹೋದ ದಿನವೇ ಅವೆರಡನ್ನೂ ರದ್ದುಮಾಡಬೇಕು. ಸ್ವಿಚ್ಚುಗಳು ಹಲವಿದ್ದಲ್ಲಿ ರೇಡಿಯಸ್ ಅಥವಾ ಟ್ಯಾಕಾಕ್ಸ್ ಸರ್ವರೊಂದು ಈ ಹೆಸರುಗಳನ್ನೆಲ್ಲ ಒಂದೆಡೆ ಪರೀಕ್ಷಿಸುತ್ತದೆ.

ಸರ್ವರು ತುಮಕೂರಿನಲ್ಲಿದ್ದು, ಮಳೆಗಾಲದಲ್ಲಿ ಗುಬ್ಬಿಯ ಕೇಬಲ್ ಕಡಿದರೆ ದುರಸ್ತಿಗೆ ಬಂದವನಿಗೇ ಪ್ರವೇಶ ತಪ್ಪೀತಲ್ಲ ಎಂಬ ಆಕ್ಷೇಪವು ನ್ಯಾಯವಾದುದು. ಅದಕ್ಕಾಗಿಯೇ ಸರ್ವರು ಉತ್ತರಿಸದಿದ್ದಾಗ ಮಾತ್ರ ನಡೆಯುವ ಸ್ಥಳೀಯ ಖಾತೆಯೊಂದನ್ನು ಸ್ವಿಚ್ಚಿನಲ್ಲಿಯೇ ಇರಿಸಿ, ಅದರ ಪಾಸ್‌ವರ್ಡನ್ನು ಮೊಹರಾದ ಲಕೋಟೆಯಲ್ಲಿ ಅಧಿಕಾರಿಯ ವಶಕ್ಕೊಪ್ಪಿಸುವ ಪದ್ಧತಿಯುಂಟು. ಒಂದೆರಡೇ ಸ್ವಿಚ್ಚುಗಳಿರುವ ಸಣ್ಣ ಕಚೇರಿಗೆ ಸರ್ವರಿನ ವೆಚ್ಚವೂ ಅನವಶ್ಯಕ. ಪ್ರತ್ಯೇಕ ಸ್ಥಳೀಯ ಹೆಸರುಗಳಷ್ಟೇ ಸಾಕು.

ತುಮಕೂರು ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ವಿನಂತಿಯಿಷ್ಟೆ: ಸ್ವಿಚ್ ಅಳವಡಿಸಿದ ಗುತ್ತಿಗೆದಾರನ ಬಿಲ್ಲಿಗೆ ರುಜು ಹಾಕುವ ಮುನ್ನ, ಇದರೊಳಕ್ಕೆ ಯಾರ ಯಾರ ಹೆಸರಿನಲ್ಲಿ ಪ್ರವೇಶವುಂಟೆಂದು ಕೇಳಿ, ಆ ಪಟ್ಟಿಯನ್ನು ಕಡತಕ್ಕೆ ಸೇರಿಸಿರಿ.