ಮನೆ ಉಳಿದವರದು

ನಮ್ಮ ರಾಯಚೂರು ಸೀಮೆಯಲ್ಲಿ ಮನೆ ಮಾರುವ ಮಾತು ಹೆಚ್ಚಾಗಿ ಗಂಡ ತೀರಿಕೊಂಡ ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ ಹುಟ್ಟುತ್ತದೆ. ಬೆಂಗಳೂರು, ಹೈದರಾಬಾದು, ಪುಣೆಗಳಿಂದ ಬಂದ ಮಕ್ಕಳಿಗೆ ರಜೆ ಇರುವುದೇ ಅಷ್ಟು. ದಿನಕರ್ಮ ಮುಗಿದಿರುತ್ತದೆ, ಬೀಗರು ಇನ್ನೂ ಬಸ್ಸು ಹತ್ತಿರುವುದಿಲ್ಲ, ಪಡಸಾಲೆಯಲ್ಲಿ ಹಿರಿಯರು ಕೂತಿರುತ್ತಾರೆ. ಅವರಲ್ಲೊಬ್ಬರು ಕಳಕಳಿಯಿಂದಲೇ ಕೇಳುತ್ತಾರೆ: ‘ಒಬ್ಬಾಕಿ ಇಷ್ಟು ದೊಡ್ಡ ಮನ್ಯಾಗ ಏನ್ ಮಾಡ್ತೀಯವ್ವ? ಮಕ್ಕಳ ಕೂಡ ಹೋಗು.’ ಆಕೆ ತಲೆ ಎತ್ತುವುದಿಲ್ಲ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಎಲ್ಲರೂ ತಿಳಿಯುತ್ತಾರೆ. ವರ್ಷ ತುಂಬುವುದರೊಳಗೆ ಮನೆ ಮತ್ತೊಬ್ಬರದಾಗಿರುತ್ತದೆ.

ಈ ಅವಸರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಗಂಡ ಹೆಂಡಿರಲ್ಲಿ ಒಬ್ಬರು ತೀರಿಹೋದ ಮೇಲೆ, ಅವರು ಕೂಡಿ ಬಾಳಿದ ಮನೆಯನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂದು ಹೇಳಬೇಕಾದವರು ಉಳಿದಿರುವ ಆ ಒಬ್ಬರು. ಮಕ್ಕಳ ಪಾಲು ಎಲ್ಲಿಗೂ ಹೋಗುವುದಿಲ್ಲ, ಅದು ಕಾಯಬಹುದು. ನಮ್ಮ ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ, ಮತ್ತು ಅದು ಏನು ಹೇಳುತ್ತದೆ ಎಂಬುದು ಮನೆಯಲ್ಲಿ ಸಾವಾಗುವವರೆಗೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಮಾನ್ವಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಗಂಡ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು, ಖಾತೆ ಅವನ ಹೆಸರಿನಲ್ಲಿ, ಈಗಿನ ಬೆಲೆ 40 ಲಕ್ಷ. ಉಯಿಲು ಬರೆಯದೆ ಹೋದ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು. ಅತ್ತೆ ಬದುಕಿದ್ದರೆ ಐದನೆಯ ಪಾಲು ಅವರದು. ನಲವತ್ತು ವರ್ಷ ಒಲೆ ಹಚ್ಚಿದವಳು ತನ್ನ ಅಡುಗೆಮನೆಯಲ್ಲಿ ಕಾಲುಭಾಗದ ಒಡತಿ. ಮೂವತ್ತು ನಲವತ್ತರ ನಿವೇಶನದ ಮನೆಯನ್ನು ನಾಲ್ಕು ತುಂಡು ಮಾಡಲು ಬರುವುದಿಲ್ಲ. ಹಾಗಾದಾಗ ಏನು ಮಾಡಬೇಕೆಂದು 1893ರ ವಿಭಜನಾ ಕಾಯ್ದೆ ಹೇಳುತ್ತದೆ: ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರು ಕೇಳಿದರೆ ನ್ಯಾಯಾಲಯ ಮನೆಯನ್ನು ಮಾರಿಸಿ ದುಡ್ಡು ಹಂಚಬಹುದು. ಮಕ್ಕಳು ಮೂವರು ಒಂದಾದರೆ ಅವರ ಕೈಯಲ್ಲಿ ಮುಕ್ಕಾಲು ಪಾಲು. ಉಳಿದ ಪಾಲುಗಳನ್ನು ತಾಯಿಯೇ ಕೊಂಡುಕೊಳ್ಳುವುದಕ್ಕೂ ಕಾನೂನಿನಲ್ಲಿ ದಾರಿ ಇದೆ. ಆದರೆ ಮೂವತ್ತು ಲಕ್ಷ ಎಲ್ಲಿಂದ ತಂದಾಳು?

ರಾಯಚೂರು ನಗರದ ಅಂದ್ರೂನ್ ಕಿಲ್ಲಾದಲ್ಲೋ ಬೇರೂನ್ ಕಿಲ್ಲಾದಲ್ಲೋ ಇರುವ ಮುಸ್ಲಿಂ ಮನೆಯಲ್ಲಿ ಲೆಕ್ಕ ಬೇರೆ. ಮಕ್ಕಳಿದ್ದರೆ ಹೆಂಡತಿಗೆ ಎಂಟನೆಯ ಒಂದು ಭಾಗ. ಆ ಪರಂಪರೆಯಲ್ಲಿ ಎರಡು ಆಸರೆಗಳಿವೆ ಎಂಬುದನ್ನೂ ಹೇಳಬೇಕು. ಗಂಡ ಸತ್ತ ಮೇಲಿನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಆಕೆ ಗಂಡನ ಮನೆಯಲ್ಲೇ ಇರಬೇಕು. ಮೆಹರ್ ಬಾಕಿ ಇದ್ದು ಮನೆ ಆಕೆಯ ಸ್ವಾಧೀನದಲ್ಲಿದ್ದರೆ, ಅದು ತೀರುವವರೆಗೆ ಬಿಟ್ಟುಕೊಡದಿರುವ ಹಕ್ಕೂ ಇದೆ. ಕ್ರೈಸ್ತ ವಿಧವೆಗೆ ಮಕ್ಕಳಿದ್ದಾಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೂರನೆಯ ಒಂದು ಭಾಗ. ಮೂರು ಧರ್ಮಗಳಲ್ಲೂ ಮನೆಯನ್ನು ಎಣಿಸುವುದು ಹೊಲ, ಬಂಗಾರ, ಬ್ಯಾಂಕಿನ ದುಡ್ಡಿನ ಜೊತೆಗೇ, ಪಾಲಾಗಬೇಕಾದ ಸ್ವತ್ತೆಂದು.

ಸಮಪಾಲಿನ ಮೇಲೆ ನನಗೆ ತಕರಾರಿಲ್ಲ. ಅದು ಸುಮ್ಮನೆ ಬಂದದ್ದಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾಯ್ದೆ ತಂದಾಗ ರಾಯಚೂರು ನಿಜಾಮರ ಆಡಳಿತದಲ್ಲಿತ್ತು. ಆ ಕಾಯ್ದೆ ನಮ್ಮ ಅಜ್ಜಿಯರನ್ನು ಮುಟ್ಟಲಿಲ್ಲ. ವಾಸದ ಮನೆಯಲ್ಲಿ ಪಾಲು ಕೇಳಬೇಕಾದರೆ ಗಂಡು ವಾರಸುದಾರರು ಮನಸ್ಸು ಮಾಡುವವರೆಗೆ ಹೆಣ್ಣುಮಕ್ಕಳು ಕಾಯಬೇಕೆಂಬ ನಿಯಮ ಹೋದದ್ದು 2005ರಲ್ಲಿ. ಮಗಳ ಈ ಹಕ್ಕಿನಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಬಾರದು. ನಾನು ಕೇಳುವುದು ಇಷ್ಟೇ: ಪಾಲಿನ ಒಡೆತನ ಮಕ್ಕಳಿಗೆ ಇಂದೇ ಬರಲಿ, ಮನೆಯ ವಾಸ ಮಾತ್ರ ಉಳಿದ ಜೀವಕ್ಕೆ ಕೊನೆಯವರೆಗೆ ಇರಲಿ.

ಇದು ಆಗದ ಮಾತಲ್ಲ. ಫ್ರಾನ್ಸ್ 2001ರಲ್ಲಿ ಕಾನೂನು ಬದಲಿಸಿ, ಸಾವಿನ ನಂತರದ ಮೊದಲ ವರ್ಷ ಉಳಿದ ಸಂಗಾತಿ ಆ ಮನೆಯಲ್ಲಿ ಖರ್ಚಿಲ್ಲದೆ ಇರುವಂತೆ ಮಾಡಿತು; ಆಮೇಲೂ ಜೀವಮಾನ ಪರ್ಯಂತ ವಾಸದ ಹಕ್ಕನ್ನು ಕೇಳಬಹುದು. ಮುದುಕರೇ ಹೆಚ್ಚುತ್ತಿರುವ ಜಪಾನ್ 2018ರಲ್ಲಿ ಸಿವಿಲ್ ಸಂಹಿತೆ ತಿದ್ದಿ, 2020ರ ಏಪ್ರಿಲ್‌ನಿಂದ ಸಂಗಾತಿಯ ವಾಸದ ಹಕ್ಕನ್ನು ಒಡೆತನದಿಂದ ಬೇರೆಯಾಗಿಸಿತು. ಅಲ್ಲಿ ಮನೆ ಮಗನ ಹೆಸರಿಗೆ ಹೋಗಬಹುದು, ತಾಯಿ ಅದೇ ಮನೆಯಲ್ಲಿ ಬದುಕಬಹುದು. ತಾಯಿಯನ್ನು ದೇವರೆನ್ನುವ ನಾಡಿನ ಕಾಯ್ದೆಪುಸ್ತಕದಲ್ಲಿ ಅಂಥದೊಂದು ಸಾಲು ಇರಬಾರದೇಕೆ?

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಸಾಲದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿದ ದೇವದುರ್ಗದಲ್ಲಿ ಮನೆ ಮಾರುವವರು ದೊಡ್ಡ ಮನೆ ಬೇಡವೆಂದು ಮಾರುವುದಿಲ್ಲ. ಆಸ್ಪತ್ರೆಯ ಬಿಲ್ಲು, ಹತ್ತಿಬೀಜಕ್ಕೆ ಗೊಬ್ಬರಕ್ಕೆ ಅಂಗಡಿಯಲ್ಲಿ ಬರೆಸಿದ ಉದ್ರಿ, ಕೈಗಡ, ಎಲ್ಲವೂ ಸತ್ತವನ ಹೆಸರು ಹೇಳಿಕೊಂಡು ತಲಬಾಗಿಲಿಗೆ ಬರುತ್ತವೆ. ಅಂಥ ಹೊತ್ತಿನಲ್ಲಿ ‘ಮಾರಬೇಡ’ ಎನ್ನುವುದು ಹೊಟ್ಟೆ ತುಂಬಿದವರ ಮಾತಾದೀತು. ಹಾಗಿದ್ದೂ ಆಕೆಗೆ ಎರಡು ಸಂಗತಿ ಗೊತ್ತಿರಲೇಬೇಕು. ಗಂಡ ಒಬ್ಬನೇ ಮಾಡಿದ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಹಾಗೆಯೇ, ರೈತರು ಮತ್ತು ಕೂಲಿಕಾರರು ತಾವೇ ವಾಸವಾಗಿರುವ ಮನೆಯನ್ನು, ಅದನ್ನು ಅಡವಿಟ್ಟಿರದಿದ್ದರೆ, ಸಾಮಾನ್ಯ ಸಾಲದ ಡಿಕ್ರಿಗಾಗಿ ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಬಿಡುವುದಿಲ್ಲ. ಇದನ್ನು ತಿಳಿಯದೆ, ಸಾಲ ಕೊಟ್ಟವರ ಬಾಯಿಗೆ ಅಂಜಿ ಅರ್ಧ ಬೆಲೆಗೆ ಮನೆ ಕೊಟ್ಟುಬಿಡುವುದು ನನಗೆ ಸಾವಿಗಿಂತ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಇನ್ನೊಂದು ಮಾತು ಒಂಟಿತನದ್ದು. ಒಬ್ಬಳೇ ಇರುವುದು ಕಷ್ಟ, ನಿಜ. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಬಿದ್ದರೆ ಸಂಜೆಯವರೆಗೆ ಯಾರಿಗೂ ತಿಳಿಯಲಿಕ್ಕಿಲ್ಲ. ಆದರೆ ಓಣಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಟ್ಟೆಯ ಮೇಲೆ ಕೂತರೆ ಮಾತಾಡಿಸುವವರು, ಸೋಮವಾರದ ಭಜನೆ, ಸಂಘದ ವಾರದ ಲೆಕ್ಕ, ಉಸುರು ಸಿಕ್ಕಿಕೊಂಡರೆ ಆಟೋ ಹಿಡಿದು ಬರುವ ಎದುರುಮನೆಯ ಹುಡುಗ, ಮುಖ ನೋಡಿಯೇ ಗುಳಿಗೆ ಕೊಡುವ ಔಷಧಿ ಅಂಗಡಿ. ಇದನ್ನೆಲ್ಲ ಬೆಂಗಳೂರಿನ ಒಂಬತ್ತನೆಯ ಅಂತಸ್ತಿಗೆ ಸಾಗಿಸುವ ಲಾರಿ ಇಲ್ಲ. ಅಲ್ಲಿ ಮಗ ಸೊಸೆ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು, ಆಕೆಯ ಮಾತಿನ ಧಾಟಿಯೂ ಪಕ್ಕದವರಿಗೆ ಹೊಸದು. ಒಂಟಿತನ ನೀಗಿಸಲು ಕರೆದೊಯ್ದ ಜೀವ ಅಲ್ಲಿಯೇ ನಿಜವಾಗಿ ಒಂಟಿಯಾಗುತ್ತದೆ. ‘ಆರು ತಿಂಗಳು ನಿನ್ನ ಹತ್ರ, ಆರು ತಿಂಗಳು ಅವನ ಹತ್ರ’ ಎಂಬ ಸರದಿಯಂತೂ ತಾಯಿಗೆ ಸ್ವಂತ ವಿಳಾಸವನ್ನೇ ಇಲ್ಲವಾಗಿಸುತ್ತದೆ.

ಹಾಗೆಂದು ಮನೆಯನ್ನು ಗುಡಿ ಮಾಡಿ ಕೂರಬೇಕೆಂದಲ್ಲ. ನಮ್ಮ ಜಿಲ್ಲೆಗೆ ಮನೆ ಮಾರಿ ಬದುಕು ಕಟ್ಟಿಕೊಂಡವರ ಚರಿತ್ರೆಯೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಲ್ಲಿ ಇದ್ದುದನ್ನು ಮಾರಿ ಬಂದ ಕುಟುಂಬಗಳು ಮಾನ್ವಿ, ಸಿಂಧನೂರು ಸುತ್ತ ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದವು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಕ್ವಾರ್ಟರ್ಸುಗಳಲ್ಲಿ ದುಡಿಮೆಯ ವರ್ಷಗಳನ್ನೆಲ್ಲ ಕಳೆದವರು ನಿವೃತ್ತಿಯಾದಾಗ ಆ ಗೋಡೆಗಳನ್ನು ಬಿಟ್ಟೇ ಹೊರಡುತ್ತಾರೆ. ಗಂಡ ಕೊನೆಯುಸಿರೆಳೆದ ಕೋಣೆಯನ್ನು ದಿನವೂ ದಾಟಲಾರೆ ಎನ್ನುವ ಹೆಂಗಸು ಇರಬಹುದು. ಆ ಮನೆಯಲ್ಲಿ ಏಟು ತಿಂದವಳೂ ಇರಬಹುದು. ಆಕೆಗೆ ಮನೆ ಮಾರುವುದೇ ಬಿಡುಗಡೆ. ಆಕೆ ತಾನಾಗಿ ಮಾರುತ್ತೇನೆಂದರೆ ‘ಅಪ್ಪನ ನೆನಪು’ ಎಂದು ಅಡ್ಡ ಬರುವ ಮಕ್ಕಳದೂ ಅಷ್ಟೇ ತಪ್ಪು. ಬಂದ ಹಣ ಆಕೆಯ ಖಾತೆಯಲ್ಲಿರಲಿ, ಮೊದಲು ಆಕೆಯ ತಲೆಯ ಮೇಲೊಂದು ಸೂರಾಗಲಿ. ಸಾಧ್ಯವಾದರೆ ಅದೇ ಓಣಿಯಲ್ಲಿ ನೆಲಮಟ್ಟದ ಎರಡು ಕೋಣೆ.

ಗಂಡಸರಿಗೂ ಈ ಸಂಕಟ ಬರುತ್ತದೆ, ಅವರು ಅದನ್ನು ನಿರೀಕ್ಷಿಸಿರುವುದಿಲ್ಲ. ನಿವೇಶನವನ್ನು ಹೆಂಡತಿಯ ಹೆಸರಿಗೆ ಕೊಂಡವರು ಆಕೆ ಹೋದಾಗ ಮಕ್ಕಳ ಜೊತೆ ಒಬ್ಬ ಪಾಲುದಾರರಾಗುತ್ತಾರೆ. ಹಿಂದೂ ಕುಟುಂಬದಲ್ಲಿ ಆ ಮನೆ ಆಕೆಗೆ ತಂದೆ ತಾಯಿಯಿಂದ ವಾರಸಾಗಿ ಬಂದದ್ದಾಗಿ, ಮಕ್ಕಳಿಲ್ಲದಿದ್ದರೆ, ಅದು ಆಕೆಯ ತಂದೆಯ ವಾರಸುದಾರರಿಗೆ ಹೋಗುತ್ತದೆ. ಗಂಡನಿಗೆ ಏನೂ ಇಲ್ಲ.

ಕಾಯ್ದೆ ಬದಲಾಗುವವರೆಗೆ ದಂಪತಿ ಕೈಕಟ್ಟಿ ಕೂರಬೇಕಿಲ್ಲ. ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. ‘ನನ್ನ ನಂತರ ಈ ಮನೆಯಲ್ಲಿ ನನ್ನ ಹೆಂಡತಿ ಇರುವಷ್ಟು ಕಾಲ ವಾಸವಿರತಕ್ಕದ್ದು, ಮಾರುವ ಅಧಿಕಾರ ಆಕೆಯದು’ ಎಂದು ಸ್ಪಷ್ಟವಾಗಿ ಬರೆದರೆ ಸಾಕು. ಮುಸ್ಲಿಂ ಕುಟುಂಬದಲ್ಲಿ ವಾರಸುದಾರರೊಬ್ಬರಿಗೆ ಉಯಿಲು ಬರೆದರೆ ಉಳಿದ ವಾರಸುದಾರರು ಒಪ್ಪಬೇಕಾಗುತ್ತದೆ. ಅಲ್ಲಿ ಬದುಕಿರುವಾಗಲೇ ಹಿಬಾ, ಅಂದರೆ ದಾನ, ಮಾಡುವುದು ದಾರಿ. ಇನ್ನು ತಾಯಂದಿರು ಮಕ್ಕಳಿಗೆ ದಾನಪತ್ರ ಮಾಡಿಕೊಡುವಾಗ, ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಬೇಕು. 2007ರ ಹಿರಿಯ ನಾಗರಿಕರ ಕಾಯ್ದೆ ದಾನವನ್ನು ರದ್ದುಮಾಡುವುದು ಆ ಷರತ್ತು ಮುರಿದಾಗ. ಮಾನ್ವಿಯಲ್ಲೂ ದೇವದುರ್ಗದಲ್ಲೂ ಉಪನೋಂದಣಾಧಿಕಾರಿ ಕಚೇರಿ ಇದೆ. ‘ಈಗಲೇ ಯಾಕೆ ಸಾವಿನ ಮಾತು’ ಎಂದು ಗಂಡ ಮುಖ ತಿರುಗಿಸಿದರೆ, ಹೆಂಡತಿ ಎರಡನೆಯ ಸಲವೂ ಕೇಳಲಿ, ಮೂರನೆಯ ಸಲವೂ ಕೇಳಲಿ. ಹಾಗೆ ಕೇಳುವಾಕೆಯನ್ನು ಆಸೆಬುರುಕಿ ಎನ್ನುವ ಬಾಯಿಗಳನ್ನು ಮಕ್ಕಳೇ ಮುಂದೆ ನಿಂತು ಮುಚ್ಚಿಸಲಿ.